ಸಹಾಯ ಬೇಕು: ಆಂಪ್ಲಿಫೈಯರ್‌ನೊಳಗಿನ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಅನಲಾಗ್ ಸಂಕೇತವಾಗಿಸುವ ಪರಿವರ್ತಕ) ಸಾಕೇ, ಹೊರಗಿನದು ಬೇಕೇ?

ನಮಸ್ಕಾರ. ನನ್ನ ಹಿಂದೂಸ್ತಾನಿ ಸಿ.ಡಿ.ಗಳನ್ನು 16 ಬಿಟ್, 44.1 ಕಿಲೋಹರ್ಟ್ಸ್‌ನ ಫ್ಲ್ಯಾಕ್ (ಗುಣಮಟ್ಟ ಕುಂದದಂತೆ ಸಂಕುಚಿಸಿದ) ಕಡತಗಳಾಗಿ ಉಳಿಸಿಕೊಂಡು, ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಮೂಲಕ ಆಂಪ್ಲಿಫೈಯರ್‌ಗೆ ಕಳುಹಿಸಿ, ಅದರೊಳಗಿನ ಡ್ಯಾಕ್‌ನಲ್ಲೇ ಕೇಳುತ್ತಿದ್ದೇನೆ. ಚಾರ್ಜರ್ ಹಾಕಿದೊಡನೆ ಗುಂಯ್ ಎಂಬ ಸದ್ದು ಬರುತ್ತದೆ (ತಂಬೂರದ ಶ್ರುತಿಗೂ ಅದು ಸೇರುವುದಿಲ್ಲ!). ಕೇಬಲ್ ಬದಲಿಸಿದರೂ ಹೋಗಲಿಲ್ಲ. ಟಿವಿಯಿಂದ ಆಪ್ಟಿಕಲ್ (ಬೆಳಕಿನ ಮೂಲಕ ಸಂಕೇತ ಒಯ್ಯುವ) ಕೇಬಲ್‌ನಲ್ಲಿ ಕೇಳಿದಾಗ ಮಾತ್ರ ಸದ್ದಿಲ್ಲ. ಗೆಳೆಯರ ಹೊರಗಿನ ಡ್ಯಾಕ್ ತಂದು ಹೋಲಿಸಿದಾಗ ಮೊದಲು ಅದೇ ಮೇಲೆನಿಸಿತಾದರೂ, ಎರಡರ ಧ್ವನಿಮಟ್ಟವನ್ನು ಸಮಗೊಳಿಸಿದ ಮೇಲೆ ವ್ಯತ್ಯಾಸ ಗುರುತಿಸಲಾಗಲಿಲ್ಲ.

ಗೊಂದಲವಿರುವುದು ಇಲ್ಲಿ: ನನ್ನ ಆಂಪ್ಲಿಫೈಯರ್ ಅನಲಾಗ್ ಇನ್‌ಪುಟ್‌ಗೆ ಬಂದದ್ದನ್ನೂ ಟೋನ್ ಹೊಂದಾಣಿಕೆಗಾಗಿ ಮತ್ತೆ ಡಿಜಿಟಲ್‌ಗೆ ಪರಿವರ್ತಿಸುತ್ತದೆಂದು ಕೈಪಿಡಿಯಲ್ಲಿದೆ, ಹಾಗಾದರೆ ಹೊರಗಿನ ಡ್ಯಾಕ್‌ನಿಂದ ಬಂದ ಧ್ವನಿಯೂ ಕೊನೆಗೆ ಒಳಗಿನ ಡ್ಯಾಕ್‌ನ ಮೂಲಕವೇ ಹಾಯಬೇಕಲ್ಲವೇ? ಇಂಥ ಸಂದರ್ಭದಲ್ಲಿ ಹೊರಗಿನ ಡ್ಯಾಕ್ ಕೊಳ್ಳುವುದರಲ್ಲಿ ಅರ್ಥವಿದೆಯೇ, ಅಥವಾ ಯುಎಸ್‌ಬಿಯಿಂದ ಆಪ್ಟಿಕಲ್‌ಗೆ ಬದಲಿಸುವ ಸಣ್ಣ ಪರಿವರ್ತಕವೇ ಸಾಕೇ?