ಮಕ್ಕಳ ಜೊತೆ ಶ್ರೀಲಂಕಾ: ಅಜ್ಜ, ಆಯಿಯನ್ನೂ ಕರ್ಕೊಂಡು ಹೋಗಿ

ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಬೇಸಿಗೆ ರಜೆಗೆ ಥೈಲ್ಯಾಂಡ್ ಒಳ್ಳೆಯದೋ, ಶ್ರೀಲಂಕಾನೋ, ಇಲ್ಲಾ ಸುಮ್ನೆ ಹುಬ್ಬಳ್ಳಿಗೆ ಹೋಗಿ ಅವ್ವನ ಮನೆಯಲ್ಲಿ ಇದ್ದು ಬರೋದೋ ಅಂತ. ಉತ್ತರ ಸ್ವಲ್ಪ ಉದ್ದ ಇದೆ. ಈಗ ಧಾರವಾಡದಲ್ಲೇ ಇದ್ದೇನೆ, ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಮಕ್ಕಳು ಮಲಗಿದ್ದಾರೆ. ಅವರು ಏಳೋದರೊಳಗೆ ಬರೆದು ಮುಗಿಸಬೇಕು.

ನಾವು ಇರೋದು ಇಂಗ್ಲೆಂಡ್‌ನ ಲೀಡ್ಸ್‌ನಲ್ಲಿ. ಹೋದ ವರ್ಷ ಆಗಸ್ಟ್‌ನಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂದೆವು. ಆಗ ಮಗಳಿಗೆ ಆರು, ಮಗನಿಗೆ ಎರಡೂವರೆ. ಜೊತೆಗೆ ನಮ್ಮ ಅಪ್ಪ, ಅವ್ವ. ಇವರಿಬ್ಬರನ್ನು ಸೇರಿಸಿಕೊಂಡದ್ದೇ ನಾವು ಮಾಡಿದ ಒಳ್ಳೆ ಕೆಲಸ, ಉಳಿದದ್ದೆಲ್ಲ ಆಮೇಲೆ.

ಯಾಕೆ ಅಂದರೆ, ನಾವು ಊರಿಗೆ ಬರೋದನ್ನೇ ಮಕ್ಕಳಿಗೆ ರಜೆ ಅಂದುಕೊಂಡಿರುತ್ತೇವೆ. ಅದು ರಜೆಯಲ್ಲ. ಬಂದ ಮರುದಿನದಿಂದ ಮನೆ ತುಂಬ ಜನ. ಕಾಕಾ ಬಂದರು, ಮಾವಶಿ ಬಂದರು, ಗದಗದಿಂದ ನಾದಿನಿ ಬಂದಳು. ಅವ್ವ ಮುಂಜಾನೆ ಅಡುಗೆ ಮನೆ ಹೊಕ್ಕರೆ ರಾತ್ರಿ ಹತ್ತಕ್ಕೆ ಹೊರಗೆ. ಚಹಾ, ಅವಲಕ್ಕಿ, ಮತ್ತೆ ಚಹಾ. ಮೊಮ್ಮಗಳು ಬಾಗಿಲಲ್ಲಿ ನಿಂತು 'ಆಯಿ, ಆಟ ಆಡೋಣ ಬಾ' ಅಂದರೆ 'ಇಗೋ ಬಂದೆ ತಂಗಿ' ಅನ್ನೋದರಲ್ಲೇ ಹದಿನೈದು ದಿನ ಮುಗಿದುಹೋಗುತ್ತದೆ. ಇನ್ನು ಅವರನ್ನೇ ಲೀಡ್ಸ್‌ಗೆ ಕರೆಸೋಣ ಅಂದರೆ ವೀಸಾಕ್ಕೆ ಬ್ಯಾಂಕ್ ಪುಸ್ತಕ, ಪೆನ್ಶನ್ ಕಾಗದ, ಬೆರಳಚ್ಚು. ಅಪ್ಪನ ಮೊಣಕಾಲಿಗೆ ಅಷ್ಟುದ್ದದ ವಿಮಾನವೂ ಆಗೋದಿಲ್ಲ. ಬೆಂಗಳೂರಿನಿಂದ ಕೊಲಂಬೊ ಅಂದರೆ ಒಂದೂವರೆ ತಾಸು. ಭಾರತದ ಪಾಸ್‌ಪೋರ್ಟ್‌ಗೆ ಇಟಿಎ, ಅಂದರೆ ದೇಶದೊಳಗೆ ಬರಲು ಆನ್‌ಲೈನ್ ಅನುಮತಿ, ಮನೆಯಲ್ಲಿ ಕೂತೇ ಆಗುತ್ತದೆ.

ಅಪ್ಪನಿಗೆ ಅದು ಈಗಲೂ ಸಿಲೋನ್. ರೇಡಿಯೋ ಸಿಲೋನ್‌ನ ಬಿನಾಕಾ ಗೀತಮಾಲಾ ಕೇಳಲು ಬುಧವಾರ ರಾತ್ರಿ ರೇಡಿಯೋ ಮುಂದೆ ಕೂತಿರುತ್ತಿದ್ದ ಮನುಷ್ಯ. ಟಿಕೆಟ್ ಆಯ್ತು ಅಂದಾಗ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ 'ಅಲ್ಲೆ ಇನ್ನೂ ಆ ಸ್ಟೇಶನ್ ಅದನೋ ಇಲ್ಲೋ' ಅಂತ ಕೇಳಿದರು.

ತಿಂಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವೋದು ಇಲ್ಲೇ. ನಮಗೆ ಜುಲೈ ಕೊನೆಯಿಂದ ಆಗಸ್ಟ್ ಬಿಟ್ಟರೆ ದೊಡ್ಡ ರಜೆ ಇಲ್ಲ. ಶಾಲೆ ನಡೆಯುವಾಗ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಇಂಗ್ಲೆಂಡ್‌ನಲ್ಲಿ ದಂಡ. 2024ರ ಆಗಸ್ಟ್‌ನಿಂದ ಒಂದು ಮಗುವಿಗೆ ತಂದೆ 80 ಪೌಂಡ್, ತಾಯಿ 80 ಪೌಂಡ್. 21 ದಿನದಲ್ಲಿ ಕಟ್ಟದಿದ್ದರೆ ಅದು 160. ಇನ್ನು ಆಗಸ್ಟ್ ಅಂದ ಕೂಡಲೇ 'ಅಯ್ಯೋ, ಮಳೆಗಾಲ' ಅಂತಾರೆ. ಅರ್ಧ ಮಾತ್ರ ನಿಜ. ನಮ್ಮಲ್ಲೇ ನೋಡಿ, ಆಗಸ್ಟ್‌ನಲ್ಲಿ ದಾಂಡೇಲಿ ಕಡೆ ಧೋ ಅಂತ ಸುರಿಯುತ್ತಿರುತ್ತದೆ, ಧಾರವಾಡದಲ್ಲಿ ಜಿಟಿಜಿಟಿ, ಗದಗಕ್ಕೆ ಹೋದರೆ ರಸ್ತೆ ಒಣಗಿರುತ್ತದೆ. ಶ್ರೀಲಂಕಾದಲ್ಲೂ ಅದೇ ಲೆಕ್ಕ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಕೊಲಂಬೊ, ಬೆಂಟೋಟ, ಗಾಲೆ ಇರುವ ನೈಋತ್ಯ ದಂಡೆಗೆ ಬಡಿಯುತ್ತದೆ. ನಡುವಿನ ಗುಡ್ಡಗಳು ಮಳೆಯನ್ನು ಅಲ್ಲೇ ಹಿಡಿದಿಡುತ್ತವೆ. ಆಚೆ ಪೂರ್ವ ದಂಡೆ, ಅಂದರೆ ತ್ರಿಂಕೋಮಲಿ, ಪಾಸಿಕುಡಾ, ಆಗ ಬಿಸಿಲಲ್ಲಿ ಇರುತ್ತದೆ, ಸಮುದ್ರ ಶಾಂತ. ಚಳಿಗಾಲದಲ್ಲಿ ಇದು ತಿರುಗುಮುರುಗು.

ಗೊತ್ತಿದ್ದವರೊಬ್ಬರು ಜುಲೈಯಲ್ಲಿ ಬೆಂಟೋಟಕ್ಕೆ ಹೋಗಿ, ಆರು ದಿನ ಅಲೆ ನೋಡುತ್ತಾ ಕಿಟಕಿಯಲ್ಲಿ ಕೂತು ಬಂದರು. ನೀರಿಗೆ ಇಳಿಯಬೇಡಿ ಅನ್ನೋ ಕೆಂಪು ಬಾವುಟ ಇಳಿಸಲೇ ಇಲ್ಲವಂತೆ. ಹೋಟೆಲ್ ಅಗ್ಗ ಇತ್ತು ಅಂದರು. ಅಗ್ಗ ಯಾಕೆ ಇತ್ತು ಅಂತ ನಾನು ಕೇಳಲಿಲ್ಲ.

ಜೆಟ್‌ಲ್ಯಾಗ್‌ಗೂ ಒಂದು ಉಪಾಯ ಇದೆ. ನೇರ ಶ್ರೀಲಂಕಾಕ್ಕೆ ಇಳಿಯಬೇಡಿ, ಮೊದಲು ಊರಿಗೆ ಬನ್ನಿ. ರಾತ್ರಿ ಮೂರಕ್ಕೆ ಮಕ್ಕಳು ಎದ್ದು ಕೂತರೆ ಹೋಟೆಲಿನಲ್ಲಿ ಏನು ಮಾಡ್ತೀರಿ? ಇಲ್ಲಿ ಅವ್ವ ಎದ್ದು ಹಾಲು ಕಾಯಿಸಿ ಕೊಡುತ್ತಾಳೆ, ಅಪ್ಪ ಪಗಡೆ ಹಾಸುತ್ತಾರೆ. ಎರಡೂ ದೇಶದ ಗಡಿಯಾರ ಒಂದೇ, ಮತ್ತೆ ಹೊಂದಿಸುವ ಕೆಲಸ ಇಲ್ಲ. ನಾವು ಎರಡು ವಾರ ಇಲ್ಲಿದ್ದು, ಆಮೇಲೆ ವಂದೇ ಭಾರತ್ ಹತ್ತಿದೆವು. ಬೆಂಗಳೂರಿಗೆ ಸುಮಾರು ಆರೂವರೆ ತಾಸು. ಹುಬ್ಬಳ್ಳಿಯಲ್ಲಿ ಅಪ್ಪ ಮೊಮ್ಮಗಳಿಗೆ 1507 ಮೀಟರ್ ಪ್ಲಾಟ್‌ಫಾರ್ಮ್ ತೋರಿಸಿ, 'ಜಗತ್ತಿನಾಗ ಇದಕ್ಕಿಂತ ಉದ್ದಂದು ಎಲ್ಲೂ ಇಲ್ಲ' ಅಂದರು. ಅವಳು 'ಇದನ್ನ ಯಾರು ಗುಡಿಸ್ತಾರೆ ಅಜ್ಜಾ?' ಅಂದಳು.

ಒಂಬತ್ತು ರಾತ್ರಿ ಇದ್ದೆವು. ವಿಮಾನ ನಿಲ್ದಾಣದ ಹತ್ತಿರ ನೆಗೊಂಬೋದಲ್ಲಿ ಒಂದು, ಹಬರಣದಲ್ಲಿ ಮೂರು, ಪಾಸಿಕುಡಾದಲ್ಲಿ ಐದು. ನಾನು ಮೊದಲು ಹಾಕಿದ್ದ ಪಟ್ಟಿಯಲ್ಲಿ ಕ್ಯಾಂಡಿ ಇತ್ತು, ನುವಾರಾ ಎಲಿಯ ಇತ್ತು, ಎಲ್ಲಾ ಅನ್ನೋ ಗುಡ್ಡದೂರಿನ ರೈಲೂ ಇತ್ತು. ಯಜಮಾನರು ಒಂದೊಂದನ್ನೇ ಹೊಡೆದುಹಾಕಿದರು. ಆಗ ಜಗಳ ಆಡಿದೆ. ಅವರು ಮಾಡಿದ್ದು ಸರಿ ಇತ್ತು. ಗುಡ್ಡದ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಗುವಿನ ಜೊತೆ ಐದೈದು ತಾಸು ವ್ಯಾನಿನಲ್ಲಿ ಕೂರೋದು ಯಾರಿಗೂ ರಜೆಯಲ್ಲ.

ಹಬರಣದಿಂದ ಮಿನ್ನೇರಿಯಾ ಹತ್ತಿರ. ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೀರು ಇಳಿದು, ದಂಡೆಯಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಜೀಪಿನಲ್ಲಿ ನಿಂತು ನೋಡಿದ ಅಪ್ಪ, 'ನಮ್ಮ ಕೆಲಗೇರಿ ಕೆರಿ ದಂಡಿಗೆ ಎಮ್ಮಿ ಮೇಯತಾವಲ್ಲ, ಹಂಗ' ಅಂದರು. ಮಗಳು ನಲವತ್ತರವರೆಗೆ ಎಣಿಸಿದಳು. ಸಣ್ಣವನು ಜೀಪು ಹೊರಟ ಹತ್ತು ನಿಮಿಷಕ್ಕೆ ಅವ್ವನ ತೊಡೆ ಮೇಲೆ ಮಲಗಿದವನು, ಆನೆಗಳೆಲ್ಲ ಮುಗಿದ ಮೇಲೆ ಎದ್ದು ನಾಯಿ ನೋಡಿ ಕುಣಿದ. ಸಿಗಿರಿಯಾ ಬಂಡೆಗೆ ಸುಮಾರು 1200 ಮೆಟ್ಟಿಲು. ಯಜಮಾನರು ಮತ್ತು ಮಗಳು ಬೆಳಗ್ಗೆ ಬೇಗ ಹೋಗಿ ಹತ್ತಿ ಬಂದರು. ನಾವು ಉಳಿದವರು ಕೆಳಗೆ ಎಳನೀರು ಕುಡಿದೆವು. ಅಲ್ಲಿ ಅದಕ್ಕೆ ತಂಬಿಲಿ ಅಂತಾರೆ, ಕಾಯಿ ಕೇಸರಿ ಬಣ್ಣ.

ವ್ಯಾನಿನ ಬಗ್ಗೆ ಒಂದು ಮಾತು. ಹಿಂದಿನ ಸೀಟಿಗೆ ಬೆಲ್ಟ್ ಇರಬೇಕು ಅಂತ ಬರೆದು ಕೇಳಿದ್ದೆ, 'ಯೆಸ್ ಮ್ಯಾಡಮ್' ಅಂದಿದ್ದರು. ಬಂದ ಗಾಡಿಯಲ್ಲಿ ಬೆಲ್ಟ್ ಸೀಟಿನ ಕೆಳಗೆ ಹೂತುಹೋಗಿತ್ತು, ಬಕಲ್ ಇರಲೇ ಇಲ್ಲ. ಬೇರೆ ಗಾಡಿ ಬರಲು ಎರಡು ತಾಸು. ಇಂಗ್ಲೆಂಡ್‌ನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಆಗುವವರೆಗೆ ಮಗು ಚೈಲ್ಡ್ ಸೀಟಿನಲ್ಲೇ ಕೂರಬೇಕು ಅಂತ ಕಾನೂನು. ಅದೇ ನಾವು ಧಾರವಾಡದಲ್ಲಿ ಇಳಿದ ದಿನವೇ ಆಟೋದಲ್ಲಿ ಆರು ಜನ ತುಂಬಿಕೊಂಡು ಹೋಗುತ್ತೇವೆ, ಅಲ್ವಾ? ಅದಕ್ಕೇ ಸೀಟು ಮನೆಯಿಂದಲೇ ಒಯ್ಯಿರಿ. ಜೊತೆಗೆ ಗಾಡಿಯ ಹಿಂದಿನ ಸೀಟಿನ ಫೋಟೋ ತರಿಸಿಕೊಳ್ಳಿ, ಬಾಯಿಮಾತು ಬೇಡ. ಬದಲಿ ಗಾಡಿಯ ಡ್ರೈವರ್ ಮಾತ್ರ ಬಹಳ ಒಳ್ಳೆಯ ಮನುಷ್ಯ. ಮಗಳನ್ನು 'ನಂಗಿ' ಅಂತ ಕರೆಯುತ್ತಿದ್ದರು. ಸಿಂಹಳದಲ್ಲಿ ತಂಗಿ ಅಂತ ಅರ್ಥ. ಅವಳು ನನ್ನ ಕಿವಿಯಲ್ಲಿ, 'ಅಂಕಲ್‌ಗೆ ತ ಅನ್ನೋಕೆ ಬರಲ್ಲ ಪಾಪ' ಅಂದಳು.

ಪಾಸಿಕುಡಾಕ್ಕೆ ಯಾಕೆ ಹೋದೆವು ಅಂದರೆ ಅಲ್ಲಿ ಸಮುದ್ರ ಬಹಳ ದೂರದವರೆಗೆ ಆಳ ಇಲ್ಲ. ಸೊಂಟದ ನೀರು ಸಿಗಬೇಕಾದರೆ ಸುಮಾರು ನಡೆಯಬೇಕು. ಹಾಗಂತ ಮೈಮರೆಯಬೇಡಿ, ಎರಡು ವರ್ಷದ ಮಗುವಿಗೆ ಮೊಣಕಾಲು ನೀರೂ ಆಳವೇ. ನಮಗೆ ಹೆದರಿಕೆ ಆದದ್ದು ಸಮುದ್ರದಲ್ಲಲ್ಲ, ಹೋಟೆಲಿನಲ್ಲಿ. ಮಕ್ಕಳಿಗೆ ಅನುಕೂಲ ಅಂತ ಬರೆದುಕೊಂಡಿದ್ದರು. ಕೋಣೆಯ ಗಾಜಿನ ಬಾಗಿಲು ತೆರೆದರೆ ನಾಲ್ಕು ಹೆಜ್ಜೆಗೆ ಈಜುಕೊಳ, ನಡುವೆ ಬೇಲಿ ಇಲ್ಲ, ಗೇಟ್ ಇಲ್ಲ. ಬಾಗಿಲ ಚಿಲಕ ಸಣ್ಣವನ ಕೈಗೇ ಸಿಗುತ್ತಿತ್ತು. ಮಹಡಿ ಮೇಲೆ ಕೋಣೆ ಕೇಳಿದರೆ ನಾಳೆ ನೋಡೋಣ ಅಂದರು. ಆ ರಾತ್ರಿ ಅವ್ವನ ಬೀಗದ ಕೈ ಗೊಂಚಲನ್ನು ಅಪ್ಪ ಲಾಡಿಯಿಂದ ಚಿಲಕಕ್ಕೆ ಕಟ್ಟಿದರು. ಬಾಗಿಲು ಅಲುಗಿದರೆ ಝಣಝಣ. ಧಾರವಾಡದ ಮನೆಯ ಬೀಗದ ಕೈ ಸಿಲೋನಿಗೆ ಯಾಕೆ ತಂದಿ ಅಂತ ಎಲ್ಲರೂ ಅವ್ವನನ್ನು ನಕ್ಕಿದ್ದೆವು. ಬೆಳಗ್ಗೆ ಐದೂವರೆಗೆ ಝಣ್ ಅಂತು. ಸಣ್ಣವನು ಚಪ್ಪಲಿ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ಬುಕ್ ಮಾಡುವ ಮುಂಚೆ ಇದೊಂದನ್ನು ಫೋನ್ ಮಾಡಿ ಕೇಳಿ: ಕೊಳಕ್ಕೆ ಬೇಲಿ ಇದೆಯಾ, ನಮ್ಮ ಕೋಣೆ ಅದರಿಂದ ಎಷ್ಟು ದೂರ?

ದಿನದ ಲೆಕ್ಕ ಸರಳ ಇತ್ತು. ಆರಕ್ಕೆಲ್ಲ ಬೆಳಕು, ಪೂರ್ವ ದಂಡೆ ಆದ್ದರಿಂದ ಸೂರ್ಯ ಸಮುದ್ರದಿಂದಲೇ ಏಳುತ್ತಾನೆ. ಹತ್ತರವರೆಗೆ ನೀರಾಟ, ಆಮೇಲೆ ಒಳಗೆ, ಊಟ, ನಿದ್ದೆ. ನಾಲ್ಕಕ್ಕೆ ಮತ್ತೆ ಹೊರಗೆ. ಆರೂವರೆಗೆ ಕತ್ತಲೆ. ಲೀಡ್ಸ್‌ನ ಬೇಸಿಗೆಯಲ್ಲಿ ಎಂಟೂವರೆಗೂ ಬೆಳಕು ಅಂತ ಮಲಗಲು ಹಟ ಮಾಡುವ ಮಕ್ಕಳು ಇಲ್ಲಿ ಎಂಟಕ್ಕೇ ಗೊರಕೆ.

ಊಟದ ಚಿಂತೆ ಬೇಡ. ಆಪ್ಪ, ಶಾವಿಗೆ, ಪರಿಪ್ಪು ಅಂತ ತೆಂಗಿನ ಹಾಲಿನ ಬೇಳೆ. ಖಾರ ಬೇಡ ಅಂದರೂ ಸ್ವಲ್ಪ ಇರುತ್ತದೆ, ಅದಕ್ಕೆ ಮೊಸರಿದೆ. ಮಣ್ಣಿನ ಗಡಿಗೆಯಲ್ಲಿ ಕಟ್ಟಿದ ಎಮ್ಮೆ ಮೊಸರು, ಮೇಲೆ ಕಿತುಲ್ ಬೆಲ್ಲದ ಪಾಕ. ಅವ್ವ ಒಂದು ಚಮಚ ಬಾಯಿಗಿಟ್ಟು, 'ಗವಳ್ಯಾರ ಮೊಸರು ಇದ್ದಂಗ ಅದ' ಅಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೂ ಕಟಕ್ ರೊಟ್ಟಿ ಐವತ್ತು, ಶೇಂಗಾ ಚಟ್ನಿ ಎರಡು ಡಬ್ಬಿ ಹೊತ್ತು ತಂದಿದ್ದಳು. ಮೂವತ್ತು ರೊಟ್ಟಿ ತಿರುಗಿ ಧಾರವಾಡ ನೋಡಿದವು.

ಪಾಸಿಕುಡಾದಲ್ಲಿ ಮೂರನೇ ರಾತ್ರಿ ಸಣ್ಣವನ ಮೈ ಸುಡುತ್ತಿತ್ತು. 39 ಅಂದೆ. ಅವ್ವ 'ನೂರಾ ಎರಡಾ?' ಅಂದಳು. ಎರಡೂ ಒಂದೇ, ನನ್ನದು ಸೆಲ್ಸಿಯಸ್, ಅವಳದು ಫ್ಯಾರನ್‌ಹೀಟ್. ಶ್ರೀಲಂಕಾ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ, ಆದರೆ ಡೆಂಗಿ ಇದೆ. ಆ ಸೊಳ್ಳೆ ಕಚ್ಚೋದು ಹಗಲಲ್ಲಿ. ರಾತ್ರಿ ಪರದೆ ಕಟ್ಟಿ ಹಗಲು ಮರೆತರೆ ಉಪಯೋಗ ಇಲ್ಲ. ಡೆಂಗಿ ಇರಬಹುದು ಅನ್ನೋ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇಲ್ಲಿ ನಾನು ಒಂದು ತಪ್ಪು ಮಾಡುವವಳಿದ್ದೆ. ಲೀಡ್ಸ್‌ನಿಂದ ತಂದ ಸಣ್ಣ ಮಕ್ಕಳ ಸಿರಪ್‌ನಲ್ಲಿ 5 ಮಿಲಿಗೆ 120 ಮಿಲಿಗ್ರಾಂ. ಅದು ಮುಗಿದಿತ್ತು. ಊರಲ್ಲಿ ತೆಗೆದುಕೊಂಡ ಬಾಟಲಿಯಲ್ಲಿ 5 ಮಿಲಿಗೆ 250. ಅದೇ ಬಣ್ಣ, ಅದೇ ಚಮಚ, ಎರಡು ಪಟ್ಟು ಔಷಧ. ಯಜಮಾನರು ಟಾರ್ಚ್ ಹಿಡಿದು ಚೀಟಿ ಓದಿದ್ದಕ್ಕೆ ಬಚಾವ್. ಮಗುವಿನ ತೂಕ ಹೇಳಿ ಎಷ್ಟು ಮಿಲಿ ಅಂತ ಡಾಕ್ಟರ್ ಹತ್ತಿರ ಬಾಟಲಿ ಮೇಲೇ ಬರೆಸಿಕೊಂಡು ಹೋಗಿ.

ಬೆಳಗ್ಗೆ ಹತ್ತಿರದ ಕ್ಲಿನಿಕ್‌ನಲ್ಲಿ ರಕ್ತ ತೆಗೆದರು. ಡೆಂಗಿ ಅಲ್ಲ, ಸುಮ್ನೆ ವೈರಲ್ ಜ್ವರ, ಎರಡು ದಿನಕ್ಕೆ ಇಳಿಯಿತು. ಅಲ್ಲಿನ ಡಾಕ್ಟರ್ ಹೇಳಿದ ಮಾತು ನೆನಪಿದೆ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹುಷಾರಾಗಿರಬೇಕಾದದ್ದು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಾಯಬಾರದು. ಸೊಳ್ಳೆ ಓಡಿಸುವ ಡೀಟ್ (DEET) ಅನ್ನೋ ರಾಸಾಯನಿಕ ಇರುವ ಕ್ರೀಮ್ ಎರಡು ತಿಂಗಳು ದಾಟಿದ ಮಕ್ಕಳಿಗೆ ಹಚ್ಚಬಹುದು, ಶೇಕಡ 30ಕ್ಕಿಂತ ಜಾಸ್ತಿ ಬೇಡ, ಅಂಗೈಗೆ ಬೇಡ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಇದು.

ಕಾಗದಪತ್ರ ಬೇಗ ಮುಗಿಸುತ್ತೇನೆ. ಮಕ್ಕಳ ಬ್ರಿಟಿಷ್ ಪಾಸ್‌ಪೋರ್ಟ್ ಐದೇ ವರ್ಷ, ಶ್ರೀಲಂಕಾಕ್ಕೆ ಆರು ತಿಂಗಳು ಬಾಕಿ ಇರಬೇಕು. ಪಾಸ್‌ಪೋರ್ಟ್ ಹೊಸದಾದರೆ ಅದನ್ನು ಓಸಿಐ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಜಾಲತಾಣಕ್ಕೆ ಏರಿಸೋದನ್ನು ಮರೆಯಬೇಡಿ. ಕೇಳಿದವರ ಮಗನಿಗೆ ಒಂದೂವರೆ ಅಂದಿರಿ. ಎರಡು ತುಂಬುವವರೆಗೆ ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಪ್ರವಾಸದ ನಡುವೆ ಹುಟ್ಟುಹಬ್ಬ ಬಂದರೆ ಬರುವ ವಿಮಾನಕ್ಕೆ ಸೀಟು ತೆಗೆಯಲೇಬೇಕು.

ಬೈಗುಳವೂ ಸಿಕ್ಕಿತು, ಮುಚ್ಚಿಡೋದಿಲ್ಲ. 'ಊರಿಗೆ ಬಂದು ನಾಲ್ಕು ದಿನ ನಮ್ಮ ಮನಿಗೆ ಬರಲಿಲ್ಲ, ಅವ್ವನ್ನ ಕರ್ಕೊಂಡು ಸಿಲೋನಿಗೆ ಹೋದಳಂತ' ಅಂತ ಹಾವೇರಿಯ ಸೋದರತ್ತೆ ಈ ವರ್ಷವೂ ಅಂದರು. ಅನ್ನಲಿ. ಪಾಸಿಕುಡಾದ ನಾಲ್ಕನೇ ಸಂಜೆ ಅವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲು ನೀರಲ್ಲಿ ಕೂತೇಬಿಟ್ಟಳು. ಮೊಮ್ಮಗಳು ಅವಳ ತಲೆ ಮೇಲೆ ಮರಳು ಸುರಿದು ಇಡ್ಲಿ ಮಾಡುತ್ತಿದ್ದಳು. ಒಂದೂವರೆ ತಾಸು. ಯಾರೂ ಚಹಾ ಕೇಳಲಿಲ್ಲ.

ಡಿಸೆಂಬರ್ ರಜೆಯಲ್ಲಿ ಹೋಗುವವರು ಇಷ್ಟನ್ನೂ ತಿರುಗಿಸಿ ಓದಿಕೊಳ್ಳಿ. ಆಗ ಪೂರ್ವದಲ್ಲಿ ಮಳೆ, ಬೆಂಟೋಟ, ಉನವಟುನ ಕಡೆ ಬಿಸಿಲು. ನಾವೂ ಈ ಸಲ ಆ ಕಡೆಯೇ, ಗದಗದ ನಮ್ಮ ಅತ್ತೆ, ಮಾವನ ಜೊತೆ. ಅತ್ತೆಯವರದು ಒಂದೇ ಪ್ರಶ್ನೆ: 'ಅಲ್ಲೆ ಮುಂಜಾನೆ ಚಹಾ ಎಷ್ಟಕ್ಕ ಸಿಗತದ?' ಐದೂವರೆಗೆ ಅಂತ ಹೇಳಿಬಿಟ್ಟಿದ್ದೇನೆ. ಹೋಟೆಲಿನವರು ಏಳು ಅಂದಿದ್ದಾರೆ. ಕೆಟಲ್ ನಾನೇ ಒಯ್ಯುತ್ತೇನೆ.