‘ಹೇಳಿ ಮಾಡಿಸಿದ’ ಸೈಕಲ್ ಎಂದರೆ ನಿಮಗೆ ಏನು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯಕ್ಕೆ ಸಹಾಯ ಬೇಕು. ಒಂದು ಅಂತ ಶುರುವಾಗಿದ್ದು ಈಗ ಐದಾರು ಆಗಿವೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಾನಿರುವುದು ಇಂಗ್ಲೆಂಡಿನಲ್ಲಿ, ಊರು ಕುಂದಾಪುರದ ಹತ್ತಿರ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರೇ ನಿಂತು ಕೈಯಲ್ಲೇ ಸೈಕಲ್ ಫ್ರೇಮು ಮಾಡಿಕೊಡುವವರು ಈ ದೇಶದಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅಂಥವರೊಬ್ಬರ ಹತ್ತಿರ ಹೋದ ವರ್ಷ ಅಳತೆ ಕೊಟ್ಟು ಬಂದೆ. ಟೆಂಟು, ಒಲೆ, ಬಟ್ಟೆಬರೆ ಎಲ್ಲ ಹೇರಿಕೊಂಡು ವಾರಗಟ್ಟಲೆ ತುಳಿಯುವುದಕ್ಕೆ ಒಂದು ಸೈಕಲ್ ಬೇಕಿತ್ತು. ಅದನ್ನೇ ಮನೆಯವರ ವಾಟ್ಸಾಪಿನಲ್ಲಿ ‘ಒಂದು ಸೈಕಲ್ ಕಮಿಷನ್ ಮಾಡಿದ್ದೇನೆ’ ಎಂದು ಹಾಕಿದೆ. ದೊಡ್ಡಪ್ಪಯ್ಯ ಕೂಡಲೇ ಫೋನು ಮಾಡಿ ‘ಕಮಿಷನ್ ಎಷ್ಟ್ ಸಿಕ್ತ್ ಮಗಾ?’ ಅಂದರು. ಅವರ ತಪ್ಪಲ್ಲ. ನಮ್ಮಲ್ಲಿ ಕಮಿಷನ್ ಎಂದರೆ ದಲ್ಲಾಳಿ ದುಡ್ಡು, ಇಲ್ಲವೇ ಸರ್ಕಾರ ನೇಮಿಸುವ ಆಯೋಗ. ಸೈಕಲ್ಲಿಗೂ ಅವೆರಡಕ್ಕೂ ಏನು ಸಂಬಂಧ?

ಅಂಗಡಿಯಲ್ಲೇ ಕೊಳ್ಳಬಹುದಿತ್ತಲ್ಲ ಅಂತ ಕೇಳುವವರಿಗೆ: ನಾನು ಗಿಡ್ಡ. ಇಲ್ಲಿ ದೂರ ಹೋಗುವ ಸೈಕಲ್‌ಗಳಿಗೆ ಹೆಚ್ಚಾಗಿ 622 ಮಿಲಿಮೀಟರ್ ರಿಮ್ಮಿನ ದೊಡ್ಡ ಗಾಲಿ. ಫ್ರೇಮು ಚಿಕ್ಕದು ಮಾಡಿ ಗಾಲಿ ಹಾಗೇ ಬಿಟ್ಟರೆ, ನಿಧಾನಕ್ಕೆ ತಿರುಗಿಸುವಾಗ ಕಾಲಿನ ಬೆರಳು ಮುಂದಿನ ಮಡ್‌ಗಾರ್ಡಿಗೆ ತಾಗುತ್ತದೆ. ಎರಡು ಸಲ ಬಿದ್ದೆ, ಮೊಣಕಾಲು ತರಚಿಕೊಂಡೆ. ಈಗ ಮಾಡಿಸುತ್ತಿರುವುದಕ್ಕೆ 559ರ ಗಾಲಿ, ಅಂದರೆ ನಾವು 26 ಇಂಚು ಅನ್ನುತ್ತೇವಲ್ಲ, ಅದು. ಹಿಂದಿನ ಗಾಲಿಯನ್ನು ಪೆಡಲಿನಿಂದ ಕೊಂಚ ದೂರ ಇಡಿಸಿದ್ದೇನೆ, ಇಲ್ಲದಿದ್ದರೆ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ.

ಇನ್ನು ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ‘ಇಸು’ ಇದ್ದ ಮೇಲೆ ಕಮಿಷನ್ ಯಾಕೆ ಬೇಕು ಅಂತ ಆಮೇಲೆ ಹೊಳೆಯಿತು. ಬಟ್ಟೆ ಹೊಲಿಸುತ್ತೇವೆ, ಮನೆ ಕಟ್ಟಿಸುತ್ತೇವೆ, ಒಡವೆ ಮಾಡಿಸುತ್ತೇವೆ. ದುಡ್ಡು ಒಬ್ಬರದು, ಕೈ ಇನ್ನೊಬ್ಬರದು ಎಂಬುದನ್ನು ಆ ಒಂದು ಪ್ರತ್ಯಯವೇ ಹೇಳಿಬಿಡುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲ ಬಳಿ ಚಾವುಂಡರಾಯನ ಹೆಸರಿನ ಮುಂದೆ ಇರುವುದೂ ‘ಮಾಡಿಸಿದಂ’ ಅಂತಲೇ, ‘ಮಾಡಿದಂ’ ಅಂತಲ್ಲ. ಉಳಿ ಹಿಡಿದವರು ಬೇರೆ. ಸೈಕಲ್ಲಿನಲ್ಲಿ ಇದು ತಿರುಗುಮುರುಗು ಆಗಿದೆ ನೋಡಿ, ಕೊಳವೆಯ ಮೇಲೆ ದೊಡ್ಡದಾಗಿ ಬರೆಯುವುದು ಮಾಡಿದವರ ಹೆಸರನ್ನು, ಮಾಡಿಸಿದವರದಲ್ಲ.

ಆದರೆ ‘ಇಸು’ವನ್ನು ಯಾವ ಕ್ರಿಯಾಪದಕ್ಕೆ ಹಚ್ಚಬೇಕು? ‘ಸೈಕಲ್ ಮಾಡಿಸಿದೆ’ ಅಂದರೆ ನನ್ನ ಕಿವಿಗೆ ‘ರಿಪೇರಿ ಮಾಡಿಸಿದೆ’ ಎಂದಂತೆಯೇ ಕೇಳುತ್ತದೆ. ‘ಜೋಡಿಸು’ ಬೇರೆಯೇ ಕೆಲಸ, ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಅಂಗಡಿಯವರು ಜೋಡಿಸುತ್ತಾರೆ. ನನಗೆ ಹಿಡಿಸಿದ್ದು ‘ಕಟ್ಟು’. ಗಂಗೊಳ್ಳಿ ಕಡೆ ದೋಣಿ ಕಟ್ಟುತ್ತಾರೆ. ನಮ್ಮೂರಿನ ಸೈಕಲ್ ಶಾಪಿನವರೂ ಕಡ್ಡಿ ಹಾಕಿ ಗಾಲಿ ‘ಕಟ್ಟುತ್ತಿದ್ದರು’. ಹಾಗಾದರೆ ‘ಫ್ರೇಮು ಕಟ್ಟಿಸಿದೆ’ ಸರಿ ಅಲ್ವಾ? ಒಂದೇ ಅನುಮಾನ ತೇರಿನದು. ಹೊಸ ತೇರನ್ನು ಮಾಡಿಸುತ್ತಾರೆ, ಇದ್ದ ತೇರನ್ನು ವರ್ಷವರ್ಷ ಕಟ್ಟುತ್ತಾರೆ. ಅಲ್ಲಿ ‘ಕಟ್ಟು’ ಅಂದರೆ ಅಲಂಕಾರ ಮಾಡಿ ಸಜ್ಜುಗೊಳಿಸುವುದು. ಈ ಎಳೆ ತೇರಿಗೆ ಮಾತ್ರವೋ, ಬೇರೆ ಗಾಡಿಗಳಿಗೂ ಉಂಟೋ, ಬಲ್ಲವರು ಹೇಳಬೇಕು. (ಫ್ರೇಮಿಗೆ ‘ಚೌಕಟ್ಟು’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಬಾಗಿಲಿಗೆ, ಪಟಕ್ಕೆ ಸರಿ. ಅಪ್ಪನ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದವರಿಗೆ ಅದರಲ್ಲಿ ಚೌಕ ಎಲ್ಲಿ ಕಾಣುತ್ತದೆ?)

ಇನ್ನು ನನ್ನ ಮುಖ್ಯ ಪ್ರಶ್ನೆ. ‘ಹೇಳಿ ಮಾಡಿಸಿದ’ ಅನ್ನುವುದು ಎಷ್ಟು ಅಚ್ಚುಕಟ್ಟಾದ ಮಾತು! ಕೂತು ಹೇಳಿದೆ, ಅವರು ಮಾಡಿದರು, ಅಷ್ಟೇ. ಕಷ್ಟ ಏನೆಂದರೆ, ಈಗ ಈ ಮಾತನ್ನು ನಾವು ಬಳಸುವುದೆಲ್ಲ ಯಾರೂ ಹೇಳದೆ, ಯಾರೂ ಮಾಡಿಸದೆ ತಾನಾಗಿ ಹೊಂದಿಕೊಂಡದ್ದಕ್ಕೆ. ಹೇಳಿ ಮಾಡಿಸಿದ ಜೋಡಿ, ಹೇಳಿ ಮಾಡಿಸಿದ ಜಾಗ. ‘ಹೇಳಿ ಮಾಡಿಸಿದ ಹಾಗೆ’ ಇದ್ದದ್ದರಲ್ಲಿ ‘ಹಾಗೆ’ ಉದುರಿಹೋಗಿ, ಹೋಲಿಕೆಯೇ ಅರ್ಥವಾಗಿ ಕೂತಿದೆ. ನಾನು ‘ಇದು ಹೇಳಿ ಮಾಡಿಸಿದ ಸೈಕಲ್’ ಅಂದಾಗ ಗೆಳತಿ ‘ಓ, ಅಷ್ಟು ಚೆನ್ನಾಗಿ ಸೂಟ್ ಆಗುತ್ತಾ, ಯಾವ ಅಂಗಡೀದು?’ ಅಂದಳು. ನಿಜವಾಗಿ ಹೇಳಿ, ನಿಜವಾಗಿ ಮಾಡಿಸಿದ್ದಕ್ಕೇ ಆ ಮಾತು ದಕ್ಕುವುದಿಲ್ಲ ಎಂದರೆ ಹೇಗೆ?

ಅಂಥದ್ದೇ ಇನ್ನೊಂದು ‘ಸಂಚಕಾರ’. ಮುಂಗಡ ಕಟ್ಟಿದಾಗ ಇದು ನೆನಪಾಯಿತು. ವ್ಯಾಪಾರ ಗಟ್ಟಿ ಅಂತ ಮೊದಲೇ ಕೊಡುವ ದುಡ್ಡಿಗೆ ಹಳೆಯ ಹೆಸರು ಅದು. ಈಗ ‘ಕೆಲಸಕ್ಕೆ ಸಂಚಕಾರ ಬಂತು’ ಅಂದರೆ ಕುತ್ತು ಬಂತು ಅಂತ. ಅಪ್ಪನಿಗೆ ‘ಸಂಚಕಾರ ಕೊಟ್ಟಾಗಿದೆ’ ಎಂದು ಬರೆದಿದ್ದರೆ ಗಾಬರಿಯಾಗುತ್ತಿದ್ದರು. ಯಕ್ಷಗಾನ ಮೇಳದವರಿಗೆ ಕೊಡುವ ‘ವೀಳ್ಯ’ ನನಗೆ ಹೆಚ್ಚು ಇಷ್ಟ. ಅದರಲ್ಲಿ ದುಡ್ಡಿನ ಜೊತೆ ಒಂದು ಮರ್ಯಾದೆಯೂ ಇದೆ. ಆದರೆ ಇಂಗ್ಲೆಂಡಿನ ಶೆಡ್ಡಿನಲ್ಲಿ ಕಾರ್ಡು ಉಜ್ಜಿ ಕೊಟ್ಟದ್ದನ್ನು ವೀಳ್ಯ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತೇನೋ.

ಶೆಡ್ಡಿನ ಒಳಗಿನ ಪದಗಳಲ್ಲಿ ನನಗೆ ಸಿಕ್ಕಿದ್ದು ಇಷ್ಟು. ಕೊಳವೆಗಳ ತುದಿಯನ್ನು ಒಂದು ಉಕ್ಕಿನ ತೊಡುಗೆಯೊಳಗೆ ತೂರಿಸಿ, ಕಾಯಿಸಿ, ನಡುವಿನ ಸಂದಿಗೆ ಹಿತ್ತಾಳೆ ಕುಡಿಸುತ್ತಾರೆ. ಉಕ್ಕು ಕರಗುವುದಿಲ್ಲ. ಅದು ಕರಗಲು ಸುಮಾರು 1500 ಡಿಗ್ರಿ ಬೇಕು, ಹಿತ್ತಾಳೆ 900ರ ಆಸುಪಾಸಿನಲ್ಲೇ ಹರಿದು ಸಂದಿಗೆ ತಾನಾಗಿ ನುಗ್ಗುತ್ತದೆ. ಇದಕ್ಕೂ ‘ಬೆಸುಗೆ’, ಉಕ್ಕನ್ನೇ ಕರಗಿಸಿ ಕೂಡಿಸುವ ವೆಲ್ಡಿಂಗಿಗೂ ‘ಬೆಸುಗೆ’, ರೇಡಿಯೊದ ತಂತಿಗೆ ಸೀಸ ಹಾಕುವುದಕ್ಕೂ ‘ಬೆಸುಗೆ’. ಅಕ್ಕಸಾಲಿಗಳ ಕೆಲಸ ಮೊದಲನೆಯದಕ್ಕೆ ಹತ್ತಿರ, ಅವರಲ್ಲಿ ಬೇರೆ ಹೆಸರು ಇದ್ದೀತು ಅಂತ ನನ್ನ ಆಸೆ. ಬೆಸೆಯುವ ಮುಂಚೆ ನಮ್ಮ ಫ್ರೇಮಿನವರು ಸವರಿದ, ಬಿಳಿಯ ಪುಡಿ ಕಲಸಿದ ಹಿಟ್ಟಿನಲ್ಲಿ ಏನಿದೆ ಎಂದು ಕೇಳಿದೆ. ಅದು ನಮ್ಮ ಬಿಳಿಗಾರವೇ. ಊರಿನ ಅಕ್ಕಸಾಲಿ ಅಂಗಡಿಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದನ್ನು ಇಲ್ಲಿ ನೋಡಿ ತುಂಬಾ ಖುಷಿಯಾಯಿತು.

ಆ ಉಕ್ಕಿನ ತೊಡುಗೆಗೆ ‘ಅಣಸು’ ಅನ್ನಬಹುದೇ? ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆ ಅಣಸು. ಇದು ಬಳೆಯಲ್ಲ, ಎರಡು ಮೂರು ಬಾಯಿ ಇರುವ ಗೂಡು. ಆದರೂ ಕೆಲಸ ಹತ್ತಿರದ್ದೇ.

ಒನಕೆ ಅಂದಾಗ ಇನ್ನೊಂದು. ಒಳ್ಳೆಯ ಕೊಳವೆಗಳ ಗೋಡೆ ತುದಿಯಲ್ಲಿ ದಪ್ಪ, ನಡುವೆ ತೆಳು. ನನ್ನದರಲ್ಲಿ ತುದಿಗೆ 0.9, ನಡುವೆ 0.6 ಮಿಲಿಮೀಟರ್. ಬೆಸುಗೆಯ ಜಾಗಕ್ಕೆ ಬಲ ಬೇಕು, ಉಳಿದೆಡೆ ತೂಕ ಯಾಕೆ ಎಂಬ ಲೆಕ್ಕ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್‌ನವರು 1897ರಲ್ಲೇ ಇದಕ್ಕೆ ಪೇಟೆಂಟ್ ಪಡೆದರು, ಅವರ ಹೆಸರಾಂತ 531 ಕೊಳವೆ ಬಂದದ್ದು 1935ರಲ್ಲಿ. ನಡು ಸಣ್ಣ ಎಂದ ಕೂಡಲೇ ‘ಒನಕೆ ಕೊಳವೆ’ ಅಂತ ಬರೆದುಕೊಂಡೆ, ಆಮೇಲೆ ಹೊಡೆದುಹಾಕಿದೆ. ಒನಕೆಯ ನಡು ಹೊರಗೇ ಕಾಣುತ್ತದೆ. ಇಲ್ಲಿ ಹೊರಗಿನಿಂದ ನೋಡಿದರೆ ಉದ್ದಕ್ಕೂ ಒಂದೇ ಸಮ, ವ್ಯತ್ಯಾಸ ಪೂರ್ತಿ ಒಳಗಡೆ.

ಕ್ಯಾರಿಯರಿನ ಎರಡೂ ಪಕ್ಕ ತೂಗುವ ಚೀಲಕ್ಕೆ ಮಾತ್ರ ನಾನು ಯಾರನ್ನೂ ಕೇಳುವುದಿಲ್ಲ. ಅದು ‘ಹಸುಬೆ’. ಹೇರೆತ್ತಿನ ಬೆನ್ನ ಮೇಲೆ, ಹೆಗಲ ಮೇಲೆ ಆಚೆಗೊಂದು ಈಚೆಗೊಂದು ಇಳಿಬಿಡುತ್ತಿದ್ದ ಚೀಲ. ಹಾಗೆ ನೋಡಿದರೆ ಇಡೀ ಸೈಕಲ್ಲಿಗೇ ‘ಹೇರು ಸೈಕಲ್’ ಅನ್ನಬಹುದು. ಟೂರಿಂಗ್ ಸೈಕಲ್ ಅಂದರೆ ಅಮ್ಮನಿಗೆ ಟೂರಿಂಗ್ ಟಾಕೀಸ್ ನೆನಪಾಗುತ್ತದಂತೆ.

ಇಷ್ಟೆಲ್ಲ ಈಗಲೇ ಯಾಕೆ ಅಂದರೆ, ಫ್ರೇಮು ಬಣ್ಣಕ್ಕೆ ಹೋಗುತ್ತಿದೆ. ಮೇಲಿನ ಬಾರಿನ ಮೇಲೆ ನಿಮಗೆ ಬೇಕಾದ ಒಂದು ಮಾತು ಬರೆಸಿಕೊಡುತ್ತೇನೆ ಅಂದಿದ್ದಾರೆ. ಕನ್ನಡದಲ್ಲೇ ಇರಲಿ ಅಂದೆ. ಆ ಬಾರಿನ ದಪ್ಪ 28.6 ಮಿಲಿಮೀಟರ್, ದುಂಡು ಬೇರೆ. ಒತ್ತಕ್ಷರ ಬಂದರೆ ಅದು ಕೊಳವೆಯ ಪಕ್ಕಕ್ಕೆ ಜಾರಿ ಅಡಿಗೆ ಹೋಗುತ್ತದೆ, ಅಕ್ಷರ ಚಿಕ್ಕದು ಮಾಡಿದರೆ, ಬಣ್ಣ ಹಾಕಲು ಅಕ್ಷರದ ಆಕಾರಕ್ಕೆ ಕೊರೆಯುವ ಹಾಳೆ ಹರಿಯುತ್ತದೆ. ‘ಕಟ್ಟಿಸಿದ್ದು’ ಅಲ್ಲಿಗೇ ಬಿತ್ತು, ಎರಡೆರಡು ಒತ್ತು. ‘ಹೇಳಿ ಮಾಡಿಸಿದ’ದಲ್ಲಿ ಒಂದೂ ಒತ್ತಿಲ್ಲ! ಮನಸ್ಸು ಪೂರ್ತಿ ಆ ಕಡೆಗೇ ಇದೆ.

ಆದ್ದರಿಂದ ನೇರ ಪ್ರಶ್ನೆ. ದಾರಿಯಲ್ಲಿ ನಿಂತ ಸೈಕಲ್ ಮೇಲೆ ಬರೀ ‘ಹೇಳಿ ಮಾಡಿಸಿದ’ ಅಂತ ಇದ್ದರೆ, ಓದಿದವರಿಗೆ ಅದು ‘ಅಳತೆ ಕೊಟ್ಟು ಮಾಡಿಸಿದ್ದು’ ಅಂತ ತಿಳಿಯುತ್ತದೋ, ‘ನನ್ನಂಥದ್ದು ಬೇರೆ ಇಲ್ಲ’ ಎಂಬ ಜಂಬದ ಹಾಗೆ ಕೇಳಿಸುತ್ತದೋ? ‘ಮಾಡಿಸಿದ’ ಅಂತ ಅರ್ಧಕ್ಕೆ ನಿಲ್ಲಿಸಿದ್ದು ಸುಮ್ನೆ ಕಿವಿಗೆ ತೊಡಕಾಗುತ್ತದೋ? ಹಾಳೆ ಕೊರೆಯಲು ಬರುವ ಶುಕ್ರವಾರದೊಳಗೆ ಕಳಿಸಬೇಕು. ಅಣಸಿನ ವಿಷಯ ನಿಧಾನಕ್ಕೆ ಬರೆದರೂ ನಡೆಯುತ್ತದೆ.