ಪದ ಬೇಕಿತ್ತು: ‘ಅನ್‌ಸಬ್‌ಸ್ಕ್ರೈಬ್’ ಮತ್ತು ಎರಡು ಬಗೆಯ ‘ಕನ್ಸೆಂಟ್’

ಟೊರಾಂಟೊದಿಂದ:
ನಮಸ್ಕಾರ. ಸ್ವಲ್ಪ ಅವಸರ, ನಾಳೆ ರಾತ್ರಿಯೊಳಗೆ ಬೇಕು. ಇಲ್ಲಿ ನನ್ನ ಗೆಳತಿ ಮನೆಯಿಂದಲೇ ಆನ್‌ಲೈನಿನಲ್ಲಿ ಚಟ್ನಿಪುಡಿ, ಸಾರಿನಪುಡಿ ಮಾರುತ್ತಾಳೆ. ಅವಳ ಪುಟ ಕನ್ನಡಕ್ಕೆ ತರುವ ಕೆಲಸ ನನಗೆ ಬಿದ್ದಿದೆ. ಕೆನಡಾದ ಸ್ಪ್ಯಾಮ್ (ಕೇಳದೆ ಬರುವ ಮಾರಾಟದ ಇಮೇಲ್) ತಡೆ ಕಾನೂನು 2014ರ ಜುಲೈ 1ರಿಂದ ಜಾರಿಯಲ್ಲಿದೆ. ಗಿರಾಕಿಯ ಕನ್ಸೆಂಟ್ ಇಲ್ಲದೆ ಮಾರಾಟದ ಇಮೇಲ್ ಕಳಿಸುವಂತಿಲ್ಲ. ಅವರೇ ಟಿಕ್ ಹಾಕಿ ಕೊಟ್ಟರೆ ಅದು ‘ಎಕ್ಸ್‌ಪ್ರೆಸ್’. ಪುಡಿ ಕೊಂಡಿದ್ದಾರೆ ಅನ್ನುವ ಕಾರಣಕ್ಕೆ ಉಂಟೆಂದು ಹಿಡಿಯುವುದು ‘ಇಂಪ್ಲೈಡ್’. ಇದು ಕೊಂಡ ದಿನದಿಂದ 2 ವರ್ಷಕ್ಕೆ ಮುಗಿಯುತ್ತದೆ. ಬರೀ ವಿಚಾರಿಸಿದವರದ್ದು 6 ತಿಂಗಳಿಗೇ. ಇವೆರಡಕ್ಕೂ ಪದ ಬೇಕು. ಇನ್ನು ಇಮೇಲ್ ಬೇಡ ಅನ್ನುವವರು ಒತ್ತುವ ಅನ್‌ಸಬ್‌ಸ್ಕ್ರೈಬ್ ಗುಂಡಿಗೆ ‘ಚಂದಾ ರದ್ದು’ ಸಾಕಾ?

ಮೈಸೂರಿನಿಂದ:
ಸ್ಪಷ್ಟ ಸಮ್ಮತಿ, ಸೂಚಿತ ಸಮ್ಮತಿ. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಆಮೇಲೆ, ಇಮೇಲ್ ಯಾಕಮ್ಮ? ಮಿಂಚೆ ಇದೆಯಲ್ಲ.

ಧಾರವಾಡದಿಂದ:
ಮಿಂಚೆ ಪದವೇ ಅಲ್ಲ. ಮಿಂಚು, ಅಂಚೆ ಕೂಡಿದರೆ ಮಿಂಚಂಚೆ. ಇನ್ನು ಇಲ್ಲಿ ಮೌನ ಎಲ್ಲಿ ಬಂತು ಸರ್? ಸುಮ್ಮನಿದ್ದವನು ಒಪ್ಪಿದ ಅಂತ ಆಗಬಾರದು ಅಂತಲೇ ಈ ಕಾನೂನು. ಒಪ್ಪಿಗೆ ಅಂದರೆ ಏನು ಕಚ್ಚುತ್ತದೆಯೇ? ‘ಚಂದಾ’ ಬೇಡವೇ ಬೇಡ, ಅದು ಪಾರಸಿ. ‘ಪಟ್ಟಿಯಿಂದ ಬಿಡಿಸಿ’ ಅಂದರೆ ನಮ್ಮ ಕಡೆ ಗಣಪತಿ ಹಬ್ಬಕ್ಕೆ ಎತ್ತುವ ವಂತಿಗೆ, ಗಣಪತಿ ಪಟ್ಟಿ ನೆನಪಾಗುತ್ತದೆ, ಅದೂ ಬೇಡ.

ಮೈಸೂರಿನಿಂದ:
ಅಂಚೆ ಅಂದರೆ ಹಂಸ. ನಳನ ಸುದ್ದಿ ದಮಯಂತಿಗೆ ಒಯ್ದದ್ದು ಅದೇ, ಟಪಾಲಿಗೆ ಹೆಸರು ಬಂದದ್ದೂ ಹಾಗೆಯೇ.

ಧಾರವಾಡದಿಂದ:
ಹಂಸಕ್ಕೆ ಅಂಚೆ, ಒಪ್ಪಿದೆ. ಟಪಾಲಿಗೆ ಆಧಾರ ಕೊಡಿ, ಕತೆ ಬೇಡ.

ಬೆಂಗಳೂರಿನಿಂದ:
ಹಕ್ಕಿ ಬಿಡಿ, ಅವರಿಗೆ ನಾಳೆ ಬೇಕಂತೆ. ಪಾರಸಿ ಬೇಡ ಅಂದರೆ ಅರಬ್ಬಿಯಿಂದ ಬಂದ ರದ್ದು, ಜಾರಿ, ಕಾನೂನು ಎಲ್ಲಾ ಬಿಡಬೇಕಾಗುತ್ತದೆ. ನಾನು ಸೀರೆ ಮಾರುತ್ತೇನೆ, ಅಮೆರಿಕದಲ್ಲೂ ಗಿರಾಕಿಗಳಿದ್ದಾರೆ. ಅಲ್ಲಿ 2004ರಿಂದ ಇರುವ ಕಾನೂನಿನಲ್ಲಿ ಮೊದಲೇ ಕೇಳಬೇಕಿಲ್ಲ. ಸಾಕು ಅಂದ ಮೇಲೆ 10 ಕೆಲಸದ ದಿನದೊಳಗೆ ನಿಲ್ಲಿಸಬೇಕು. ನಾನೂ ‘ಚಂದಾ ರದ್ದು’ ಅಂತಲೇ ಹಾಕಿದ್ದೆ. ಒಬ್ಬರು ಅತ್ತೆಮ್ಮ ಫೋನ್ ಮಾಡಿ, “ನಾನು ಯಾವತ್ತು ಚಂದಾ ಕೊಟ್ಟೆ?” ಅಂತ ಜಗಳಕ್ಕೇ ಬಂದರು. ಅವರೇನೋ ಫೋನ್ ಮಾಡಿದರು. ಗುಂಡಿ ಅರ್ಥವಾಗದ ಮಿಕ್ಕವರು ಸ್ಪ್ಯಾಮ್ ಅಂತ ಒತ್ತಿಬಿಡುತ್ತಾರೆ. ಅಂಥವರು ಜಾಸ್ತಿಯಾದರೆ ಕೇಳಿ ಪಡೆದವರಿಗೂ ನಮ್ಮ ಇಮೇಲ್ ಕಸಕ್ಕೇ ಹೋಗುತ್ತದೆ. ಈಗ ‘ಇಮೇಲ್ ಸಾಕು’ ಅಂತ ಹಾಕಿದ್ದೇನೆ. ತಕರಾರಿಲ್ಲ.

ಟೊರಾಂಟೊದಿಂದ:
ಎಲ್ಲರಿಗೂ ಥ್ಯಾಂಕ್ಸ್. ‘ಕೊಟ್ಟ ಒಪ್ಪಿಗೆ’, ‘ಕೊಂಡದ್ದರಿಂದ ಬಂದ ಒಪ್ಪಿಗೆ’, ‘ಇಮೇಲ್ ಸಾಕು’ ಅಂತ ಹಾಕುತ್ತೇನೆ. ಗೆಳತಿಯ ಹತ್ತಿರ ರಾಜ್ಯೋತ್ಸವದ ಮಳಿಗೆಯಲ್ಲಿ ಜನ ಇಮೇಲ್ ಬರೆದುಕೊಟ್ಟ ಒಂದು ನೋಟ್‌ಬುಕ್ ಇದೆ. ಪುಟದ ತುಂಬ ಎಣ್ಣೆ ಕಲೆ. ಯಾರು ಯಾತಕ್ಕೆ ಬರೆದರು ಅಂತ ಎಲ್ಲೂ ಇಲ್ಲ. ಒಪ್ಪಿಗೆ ಇತ್ತು ಅಂತ ತೋರಿಸುವ ಹೊಣೆ ಕಳಿಸಿದವರದ್ದೇ. ‘ಒಪ್ಪಿಗೆ ಕೊಡ್ತೀರಾ’ ಅಂತ ಕೇಳುವ ಇಮೇಲೂ ಮಾರಾಟದ ಇಮೇಲೇ ಅನ್ನುತ್ತದೆ ಕಾನೂನು. ಹಾಗಾಗಿ ನೋಟ್‌ಬುಕ್ ಮುಚ್ಚಿಟ್ಟಿದ್ದಾಳೆ.

ಮೈಸೂರಿನಿಂದ:
‘ಮಿಂಚೆ ಸಾಕು’ ಅಂತ ಹಾಕಬಹುದಿತ್ತು.